ಕ್ರೊಶೆಯನ್ನು ಉಳಿಸಿಕೊಳ್ಳಬೇಕೇ, ಬಿಟ್ಟುಕೊಡಬೇಕೇ? 121 ಸೋಲಿನ ನಂತರ ವೈಟ್ ಸಾಕ್ಸ್ ಮುಂದಿರುವ ಚಳಿಗಾಲ

ಮೂವತ್ತೈದನೇ ಬೀದಿ
2024 ಡಿಸೆಂಬರ್ 6, ರಾತ್ರಿ 8.15

ಎಲ್ಲರಿಗೂ ನಮಸ್ಕಾರ. ಸೋಮವಾರ ಡಲ್ಲಾಸ್‌ನಲ್ಲಿ ಬೇಸ್‌ಬಾಲ್ ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳುವ ಚಳಿಗಾಲದ ಸಭೆ ಆರಂಭವಾಗುತ್ತದೆ. ಅದು ಮುಗಿಯುವ ಹೊತ್ತಿಗೆ ಪಿಚರ್ (ಚೆಂಡೆಸೆಯುವವರು) ಗ್ಯಾರೆಟ್ ಕ್ರೊಶೆ ನಮ್ಮ ಶಿಕಾಗೋ ವೈಟ್ ಸಾಕ್ಸ್ ತಂಡದಲ್ಲಿ ಇರುವುದು ಅನುಮಾನ ಎಂದು ಪತ್ರಿಕೆಗಳು ಬರೆಯುತ್ತಿವೆ. ಕೈಮೀರುವ ಮೊದಲು ಇಲ್ಲಿನ ಕನ್ನಡಿಗ ಅಭಿಮಾನಿಗಳು ಏನು ಹೇಳುತ್ತೀರಿ ಎಂದು ತಿಳಿಯುವ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಮ್ಮ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ. ಈ ವರ್ಷ 41 ಗೆಲುವು, 121 ಸೋಲು. 1900ರ ನಂತರ ಯಾವ ತಂಡವೂ ಒಂದೇ ಋತುವಿನಲ್ಲಿ ಇಷ್ಟು ಪಂದ್ಯಗಳನ್ನು ಸೋತಿರಲಿಲ್ಲ. 1962ರ ಮೆಟ್ಸ್ ತಂಡದ 120 ಸೋಲಿನ ದಾಖಲೆ ಅರವತ್ತೆರಡು ವರ್ಷ ನಿಂತಿತ್ತು, ಅದನ್ನು ನಮ್ಮವರು ದಾಟಿದರು. ಜುಲೈ ಮತ್ತು ಆಗಸ್ಟ್ ನಡುವೆ ಸತತವಾಗಿ 21 ಪಂದ್ಯ ಸೋತದ್ದೂ ಇದೇ ವರ್ಷ. ಗಳಿಸಿದ ರನ್ 507, ಮೂವತ್ತು ತಂಡಗಳಲ್ಲಿ ಅತಿ ಕಡಿಮೆ.

ಇಂಥ ತಂಡದಲ್ಲಿ ಒಬ್ಬ ಕ್ರೊಶೆ ಮಾತ್ರ ಬೇರೆಯೇ ಎತ್ತರದಲ್ಲಿ ನಿಂತರು. 32 ಪಂದ್ಯಗಳನ್ನು ಆರಂಭಿಸಿ, 146 ಇನಿಂಗ್ಸ್ ಎಸೆದು, 209 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದರು. 2025 ಮತ್ತು 2026, ಈ ಎರಡು ವರ್ಷ ಅವರು ನಮ್ಮ ಹಿಡಿತದಲ್ಲಿರುತ್ತಾರೆ. ಅನಂತರ ಅವರು ಎಲ್ಲಿಗೆ ಬೇಕಾದರೂ ಹೋಗಬಹುದು.

ನನ್ನ ಪ್ರಶ್ನೆ ನೇರವಾದದ್ದು. ಇರುವ ಒಬ್ಬನೇ ಒಳ್ಳೆಯ ಪಿಚರ್‌ನನ್ನು ಕೊಟ್ಟು ನಾಲ್ವರು ಎಳೆಯ ಹುಡುಗರನ್ನು ತರುವುದು ತಂಡ ಕಟ್ಟುವ ಕೆಲಸವೇ, ಅಥವಾ ಮನೆಯ ನಡುಗಂಬವನ್ನು ತೆಗೆದು ಮಾಡಿಗೆ ಹೊಸ ಹೆಂಚು ತರುವ ಕೆಲಸವೇ? ನಾನು ಹದಿನೆಂಟು ವರ್ಷದಿಂದ ಈ ತಂಡವನ್ನು ನೋಡುತ್ತಿದ್ದೇನೆ, ಆದರೂ ನನಗೆ ಉತ್ತರ ಸ್ಪಷ್ಟವಾಗುತ್ತಿಲ್ಲ.


ಲೆಕ್ಕದ ಪುಸ್ತಕ
2024 ಡಿಸೆಂಬರ್ 6, ರಾತ್ರಿ 8.52

ಕೊಡಲೇಬೇಕು. ಇದರಲ್ಲಿ ಎರಡನೆಯ ಮಾತಿಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ರೊಶೆ ನಮ್ಮಲ್ಲಿ ಉಳಿಯುವುದು ಇನ್ನು ಎರಡು ಋತು. ಈ ಎರಡು ಋತುಗಳಲ್ಲಿ ನಾವು ಪ್ಲೇಆಫ್ ತಲುಪುತ್ತೇವೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಎದುರಾಳಿಗಳಿಗಿಂತ 306 ರನ್ ಕಡಿಮೆ ಗಳಿಸಿದ ತಂಡ ಒಂದು ವರ್ಷದಲ್ಲಿ ಅಷ್ಟು ಅಂತರವನ್ನು ಮುಚ್ಚುವುದಿಲ್ಲ, ಎರಡು ವರ್ಷದಲ್ಲಿ ಮುಚ್ಚಿದರೂ ಅದು ಅಚ್ಚರಿಯೇ. ಹಾಗಾದರೆ ಕ್ರೊಶೆಯ ಅತ್ಯುತ್ತಮ ಎರಡು ವರ್ಷಗಳು ಸೋಲುವ ತಂಡದಲ್ಲಿ ಕಳೆದುಹೋಗುತ್ತವೆ, ಕೊನೆಗೆ ಅವರು ಹೋದಾಗ ನಮ್ಮ ಕೈಗೆ ಸಿಗುವುದು ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಒಂದು ಹೆಚ್ಚುವರಿ ಆಯ್ಕೆ ಮಾತ್ರ.

ಇನ್ನೊಂದು ವಿಷಯವನ್ನು ಮರೆಯಬಾರದು. 2022ರಲ್ಲಿ ಅವರ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿದೆ. ಈ ವರ್ಷಕ್ಕಿಂತ ಮೊದಲು ಅವರು ಮೇಜರ್ ಲೀಗ್‌ನಲ್ಲಿ ಒಟ್ಟು ಎಸೆದದ್ದು 73 ಇನಿಂಗ್ಸ್, ಅದೂ ಬುಲ್‌ಪೆನ್‌ನಿಂದ, ಅಂದರೆ ಪಂದ್ಯದ ನಡುವೆ ಬದಲಿ ಪಿಚರ್ ಆಗಿ ಬಂದು. ಈ ವರ್ಷ ಅದರ ಎರಡರಷ್ಟು ಎಸೆದಿದ್ದಾರೆ. ಆ ಮೊಣಕೈ ಇನ್ನೊಮ್ಮೆ ಕೈಕೊಟ್ಟರೆ ಅವರಿಗೆ ಮಾರುಕಟ್ಟೆಯಲ್ಲಿ ಯಾವ ಬೆಲೆಯೂ ಉಳಿಯುವುದಿಲ್ಲ. ಬೆಲೆ ಹೆಚ್ಚಿರುವಾಗ ಕೊಡುವುದೇ ಜಾಣತನ.


ಕೆಂಪು ಮಾರ್ಗ
2024 ಡಿಸೆಂಬರ್ 6, ರಾತ್ರಿ 10.30

ಲೆಕ್ಕದ ಪುಸ್ತಕ ಅವರೇ, ತಮ್ಮ ಲೆಕ್ಕ ಸರಿ, ಆದರೆ ಇದೇ ಲೆಕ್ಕವನ್ನು ನಾವು ಹಿಂದೆಯೂ ಕೇಳಿದ್ದೇವೆ. ಇವತ್ತಿನ ತಾರೀಖನ್ನು ನೋಡಿ. ಸರಿಯಾಗಿ ಎಂಟು ವರ್ಷದ ಹಿಂದೆ, 2016ರ ಡಿಸೆಂಬರ್ 6ರಂದು, ಇಂಥದೇ ಚಳಿಗಾಲದ ಸಭೆಯಲ್ಲಿ ನಾವು ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟೆವು. ಅವರೂ ಎಡಗೈ ಪಿಚರ್, ಅವರೂ ತಂಡದ ಅತ್ಯುತ್ತಮ ಆಟಗಾರ. ಬದಲಿಗೆ ಯೊವಾನ್ ಮೊಂಕಾಡಾ, ಮೈಕಲ್ ಕೋಪೆಕ್ ಸೇರಿ ನಾಲ್ವರು ಬಂದರು. ಆಗ ಮೊಂಕಾಡಾ ಇಡೀ ಬೇಸ್‌ಬಾಲ್‌ನಲ್ಲೇ ಅತ್ಯಂತ ಭರವಸೆಯ ಹುಡುಗ ಎಂದು ಎಲ್ಲರೂ ಬರೆದರು. ಮರುದಿನವೇ ಆಡಮ್ ಈಟನ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟು ಜಿಯೋಲಿಟೋ ಮತ್ತಿತರರನ್ನು ತಂದೆವು. ಮುಂದಿನ ಬೇಸಿಗೆಯಲ್ಲಿ ಕಿಂಟಾನಾ ಅವರನ್ನು ನಮ್ಮದೇ ಊರಿನ ಕಬ್ಸ್‌ಗೆ ಕೊಟ್ಟು ಎಲೋಯ್ ಹಿಮೆನೆಸ್ ಮತ್ತು ಡಿಲನ್ ಸೀಸ್ ಅವರನ್ನು ಪಡೆದೆವು.

ಆ ಎಲ್ಲ ವಿನಿಮಯಗಳ ಫಲ ಏನು? 2020ರಲ್ಲಿ ಮತ್ತು 2021ರಲ್ಲಿ ಪ್ಲೇಆಫ್ ತಲುಪಿದೆವು. ಎರಡೂ ಸೇರಿ ಪ್ಲೇಆಫ್‌ನಲ್ಲಿ ಗೆದ್ದ ಪಂದ್ಯಗಳು ಎರಡು. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 101 ಸೋಲು. ಈಗ 121. ಕಳೆದ ತಿಂಗಳು ಮೊಂಕಾಡಾ ಅವರ ಒಪ್ಪಂದವನ್ನು ಮುಂದುವರಿಸದೆ ಬಿಟ್ಟುಕೊಟ್ಟೆವು. ಅತ್ತ ಬಾಸ್ಟನ್ 2018ರಲ್ಲಿ ಸೇಲ್ ಜೊತೆಗೆ ವಿಶ್ವ ಸರಣಿಯನ್ನು ಗೆದ್ದಿತು, ಕೊನೆಯ ಎಸೆತ ಅವರದೇ.

2005ರಲ್ಲಿ ನಾವು ಹ್ಯೂಸ್ಟನ್ ತಂಡವನ್ನು ನಾಲ್ಕಕ್ಕೆ ಸೊನ್ನೆಯಿಂದ ಸೋಲಿಸಿ ವಿಶ್ವ ಸರಣಿ ಗೆದ್ದಾಗ ನಾನು ಈ ದೇಶಕ್ಕೆ ಬಂದು ಎರಡು ತಿಂಗಳಾಗಿತ್ತು. ಆಟದ ನಿಯಮವೂ ತಿಳಿದಿರಲಿಲ್ಲ. ರೈಲಿನಲ್ಲಿ ಗುರುತಿಲ್ಲದ ಒಬ್ಬ ಮುದುಕರು ನನ್ನ ಕೈ ಹಿಡಿದುಕೊಂಡು ಅತ್ತರು. 1917ರ ನಂತರ ಇದೇ ಮೊದಲು ಎಂದು ಹೇಳಿದರು. ಅಂದಿನಿಂದ ಇಂದಿನವರೆಗೆ ನಮ್ಮ ತಂಡ ಒಂದೇ ಒಂದು ಪ್ಲೇಆಫ್ ಸರಣಿಯನ್ನೂ ಗೆದ್ದಿಲ್ಲ. ಹುಡುಗರನ್ನು ತಂದು ತುಂಬಿಸುವುದರಿಂದ ತಂಡ ಆಗುವುದಿಲ್ಲ. ಬಂದ ಹುಡುಗರನ್ನು ಆಟಗಾರರನ್ನಾಗಿ ಮಾಡುವ ವ್ಯವಸ್ಥೆ ಇರಬೇಕು. ಅದು ಇದೆಯೇ ಎಂಬುದು ನನ್ನ ಪ್ರಶ್ನೆ.


ಎಡಗೈ
2024 ಡಿಸೆಂಬರ್ 6, ರಾತ್ರಿ 10.44

ಒಂದು ಸಣ್ಣ ತಿದ್ದುಪಡಿ. ಮೊಂಕಾಡಾ 2019ರಲ್ಲಿ .315 ಸರಾಸರಿಯಲ್ಲಿ 25 ಹೋಮ್‌ರನ್ ಹೊಡೆದರು. ಸೀಸ್ 2022ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾದರು. ಆದ್ದರಿಂದ ಹುಡುಗರು ಬೆಳೆಯಲೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಅವರ ಸುತ್ತ ಉಳಿದ ತಂಡವನ್ನು ಕಟ್ಟಲಿಲ್ಲ, ಗಾಯಗಳು ಬಿಡಲಿಲ್ಲ, ಕೆಟ್ಟದ್ದು ಅಲ್ಲಿ.


ಕೆಂಪು ಮಾರ್ಗ
2024 ಡಿಸೆಂಬರ್ 6, ರಾತ್ರಿ 10.51

ಒಪ್ಪಿದೆ. ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ.


ತುಮಕೂರು ಹುಡುಗ
2024 ಡಿಸೆಂಬರ್ 7, ಬೆಳಿಗ್ಗೆ 9.05

ನಾನು ಓದಲು ಬಂದು ಒಂದೂವರೆ ವರ್ಷವಾಯಿತು, ಬೇಸ್‌ಬಾಲ್ ಈಗಷ್ಟೇ ಕಲಿಯುತ್ತಿದ್ದೇನೆ. ದಯವಿಟ್ಟು ಯಾರಾದರೂ ಒಂದು ವಿಷಯ ತಿಳಿಸಿಕೊಡಿ. ಎರಡು ವಾರದ ಹಿಂದೆ ಜೆಡ್ಡಾದಲ್ಲಿ ಐಪಿಎಲ್ ಮಹಾ ಹರಾಜು ನಡೆಯಿತು. ಅಲ್ಲಿ ಎಲ್ಲ ತಂಡಗಳ ಕೈಯಲ್ಲೂ ಒಂದೇ ಮಿತಿಯ ಹಣ, ಸೋತ ತಂಡವೂ ಮರುವರ್ಷ ಹೊಸ ತಂಡವಾಗಿ ಬರಬಹುದು. ಇಲ್ಲಿ ಸೋತ ತಂಡ ಒಳ್ಳೆಯ ಆಟಗಾರರನ್ನು ಕೊಂಡುಕೊಳ್ಳದೆ ಇರುವವರನ್ನೂ ಏಕೆ ಕೊಟ್ಟುಬಿಡುತ್ತದೆ?


ಲೆಕ್ಕದ ಪುಸ್ತಕ
2024 ಡಿಸೆಂಬರ್ 7, ಬೆಳಿಗ್ಗೆ 10.20

ಒಳ್ಳೆಯ ಪ್ರಶ್ನೆ. ಇಲ್ಲಿ ಹರಾಜು ಇಲ್ಲ, ಸಂಬಳಕ್ಕೆ ಕಟ್ಟುನಿಟ್ಟಿನ ಮೇಲ್ಮಿತಿಯೂ ಇಲ್ಲ. ಮಿತಿ ಮೀರಿದರೆ ತೆರಿಗೆ ಕಟ್ಟಬೇಕು, ಅಷ್ಟೇ. ಆಟಗಾರ ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷದ ಸೇವೆ ಪೂರ್ಣವಾಗುವವರೆಗೆ ಅವನು ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು, ನಂತರದ ಮೂರು ವರ್ಷ ಮಧ್ಯಸ್ಥರ ಪಂಚಾಯಿತಿಯ ಮೂಲಕ ಸಂಬಳ ನಿರ್ಧಾರ. ಆರು ವರ್ಷ ಕಳೆದ ಮೇಲೆ ಫ್ರೀ ಏಜೆಂಟ್, ಅಂದರೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಹೀಗಾಗಿ ಇಲ್ಲಿ ಬೆಲೆಬಾಳುವ ವಸ್ತು ಎಂದರೆ ಹಿಡಿತದಲ್ಲಿ ಉಳಿದಿರುವ ವರ್ಷಗಳು. ಕ್ರೊಶೆಯ ಎರಡು ವರ್ಷ ಕೊಟ್ಟು, ನಾಲ್ವರು ಹುಡುಗರ ತಲಾ ಆರು ವರ್ಷ ಪಡೆದರೆ ಕಾಗದದ ಮೇಲೆ 24 ವರ್ಷ ಬಂದಂತೆ.

ಕಾಗದದ ಮೇಲೆ ಎಂಬ ಮಾತನ್ನು ಕೆಂಪು ಮಾರ್ಗ ಅವರು ಹಿಡಿಯುತ್ತಾರೆಂದು ಗೊತ್ತಿದ್ದೇ ಬರೆದಿದ್ದೇನೆ.


ತುಮಕೂರು ಹುಡುಗ
2024 ಡಿಸೆಂಬರ್ 7, ಬೆಳಿಗ್ಗೆ 10.41

ಧನ್ಯವಾದ ಸರ್. ಈಗ ಅರ್ಥವಾಯಿತು. ಆರ್‌ಸಿಬಿ ಸಿರಾಜ್ ಅವರನ್ನು ಬಿಟ್ಟದ್ದು, ಕೆ.ಎಲ್. ರಾಹುಲ್ ಅವರನ್ನು ದೆಹಲಿ 14 ಕೋಟಿಗೆ ಕೊಂಡದ್ದು ನೋಡಿ ಊರಿನಲ್ಲಿ ನಮ್ಮ ಅಣ್ಣ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಆದರೆ ಅಲ್ಲಿ ನಮ್ಮವರು ಕೈಯಲ್ಲಿದ್ದ ಹಣವನ್ನು ಬೇರೆ ಕಡೆ ಖರ್ಚು ಮಾಡಿದರು. ಇಲ್ಲಿ ಮಾಲೀಕರು ಹಣವನ್ನೇ ಹೊರಗೆ ತೆಗೆಯುವುದಿಲ್ಲವೇ?


ಹಳೆಯ ಕೈಗವಸು
2024 ಡಿಸೆಂಬರ್ 7, ಮಧ್ಯಾಹ್ನ 1.15

ಆ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು ಮಗು. ಜೆರ್ರಿ ರೈನ್ಸ್‌ಡಾರ್ಫ್ 1981ರಿಂದ ಈ ತಂಡದ ಒಡೆತನದಲ್ಲಿದ್ದಾರೆ. ಇಷ್ಟು ವರ್ಷಗಳಲ್ಲಿ ತಂಡ ಕೊಟ್ಟ ಅತಿ ದೊಡ್ಡ ಒಪ್ಪಂದ ಆಂಡ್ರ್ಯೂ ಬೆನಿಂಟೆಂಡಿ ಅವರದು, ಐದು ವರ್ಷಕ್ಕೆ 75 ಮಿಲಿಯನ್ ಡಾಲರ್. ಶಿಕಾಗೋ ಅಮೆರಿಕದ ಮೂರನೆಯ ದೊಡ್ಡ ನಗರ, ನೆನಪಿರಲಿ. ಆ ಬೆನಿಂಟೆಂಡಿ ಈ ವರ್ಷ .229 ಸರಾಸರಿಯಲ್ಲಿ ಆಡಿದರು, ಒಪ್ಪಂದ ಇನ್ನೂ ಮೂರು ವರ್ಷ ಬಾಕಿ ಇದೆ. ಅವರನ್ನು ತೆಗೆದುಕೊಳ್ಳುವವರು ಯಾರೂ ಇಲ್ಲ, ಕೂರಿಸಿದರೆ ಅವರ ಜಾಗಕ್ಕೆ ಸಿದ್ಧನಾದ ಹುಡುಗನೂ ಇಲ್ಲ.

ನನಗೆ ಕ್ರೊಶೆಗಿಂತ ಲೂಯಿಸ್ ರಾಬರ್ಟ್ ಅವರದೇ ಹೆಚ್ಚು ಕಷ್ಟದ ಪ್ರಶ್ನೆಯಾಗಿ ಕಾಣುತ್ತದೆ. 2023ರಲ್ಲಿ 38 ಹೋಮ್‌ರನ್ ಹೊಡೆದ ಸೆಂಟರ್‌ಫೀಲ್ಡರ್ ಈ ವರ್ಷ ಗಾಯದಿಂದಾಗಿ ಆಡಿದ್ದು ನೂರೇ ಪಂದ್ಯ, ಹೊಡೆದದ್ದು 14 ಹೋಮ್‌ರನ್. ಮುಂದಿನ ವರ್ಷ ಅವರ ಸಂಬಳ 15 ಮಿಲಿಯನ್, ಆಮೇಲೆ ತಲಾ 20 ಮಿಲಿಯನ್‌ನ ಎರಡು ವರ್ಷ ತಂಡದ ಇಚ್ಛೆಗೆ ಬಿಟ್ಟದ್ದು. ಕಳೆದ ಚಳಿಗಾಲದಲ್ಲಿ ಕೊಟ್ಟಿದ್ದರೆ ಒಂದು ಮೂಟೆ ಬರುತ್ತಿತ್ತು. ಈಗ ಕೊಟ್ಟರೆ ಮುಷ್ಟಿಯಷ್ಟು. ಬೆಳೆ ಕೈಗೆ ಬಂದಾಗ ಮಾರದೆ ಬೆಲೆ ಏರಲಿ ಎಂದು ಅಟ್ಟದಲ್ಲಿಟ್ಟವನ ಗತಿ ನಮ್ಮದಾಗಿದೆ.

ಅವಸರಪಟ್ಟರೂ ಕಷ್ಟವೇ. 2016ರ ಜೂನ್‌ನಲ್ಲಿ ಜೇಮ್ಸ್ ಶೀಲ್ಡ್ಸ್ ಎಂಬ ಹಿರಿಯ ಪಿಚರ್‌ಗಾಗಿ ಹದಿನೇಳು ವರ್ಷದ ಒಬ್ಬ ಹುಡುಗನನ್ನು ಸ್ಯಾನ್ ಡಿಯಾಗೋಗೆ ಕೊಟ್ಟೆವು. ಮುಂದೆ ದೊಡ್ಡ ತಾರೆಯಾದ ಫರ್ನಾಂಡೋ ಟಾಟಿಸ್ ಜೂನಿಯರ್ ಆ ಹುಡುಗ.


ಶಾಂಬರ್ಗ್ ಅಮ್ಮ
2024 ಡಿಸೆಂಬರ್ 7, ರಾತ್ರಿ 9.30

ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವಳು. ಆದರೆ ಇಷ್ಟೆಲ್ಲ ಅಂಕಿಗಳ ನಡುವೆ ಒಂದು ರಾತ್ರಿಯ ವಿಷಯ ಹೇಳಬೇಕೆನಿಸಿದೆ.

ಸೆಪ್ಟೆಂಬರ್ 24ರಂದು, ಮಂಗಳವಾರ, ಮರುದಿನ ಶಾಲೆ ಇದ್ದರೂ ಹದಿಮೂರು ವರ್ಷದ ಮಗನ ಹಠಕ್ಕೆ ಸೋತು ಏಂಜೆಲ್ಸ್ ವಿರುದ್ಧದ ಪಂದ್ಯಕ್ಕೆ ಹೋದೆವು. ಅಂದಿಗೆ ಸೋಲು 120 ಆಗಿತ್ತು. ಸುತ್ತ ಕೂತವರಲ್ಲಿ ಬಹಳ ಜನ 121ನೆಯ ಸೋಲನ್ನು ನೋಡಲೆಂದೇ ಬಂದಿದ್ದರು. ತಂಡವನ್ನು ಮಾರಿಬಿಡಿ ಎಂಬ ಘೋಷಣೆ ಒಂದು ಕಡೆಯಿಂದ ಹುಟ್ಟಿ ಇಡೀ ಕ್ರೀಡಾಂಗಣವನ್ನು ಸುತ್ತಿತು. ಮಗನ ಮುಖ ಚಿಕ್ಕದಾಯಿತು. ಎಂಟನೇ ಇನಿಂಗ್ಸ್‌ನಲ್ಲಿ ನಮ್ಮವರು ಹಿಂದೆ ಇದ್ದರು. ಆಮೇಲೆ ಒಂದರ ಹಿಂದೆ ಒಂದರಂತೆ ಹಿಟ್‌ಗಳು ಬಿದ್ದು ಮೂರು ರನ್ ಬಂದವು, ನಾವು 3–2ರಲ್ಲಿ ಗೆದ್ದೆವು. ಸೋಲು ನೋಡಲು ಬಂದಿದ್ದ ಜನವೇ ಎದ್ದು ನಿಂತು ಕೂಗಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು ತಂಡದ ಸೋಲಿನ ನಾಚಿಕೆಗೆಂದು ತಲೆಗೆ ಹಾಕಿಕೊಂಡಿದ್ದ ಕಾಗದದ ಚೀಲವನ್ನು ತೆಗೆದು ಮಡಿಚಿ ಪರ್ಸಿನಲ್ಲಿಟ್ಟುಕೊಂಡರು. ಆ ವಾರ ಏಂಜೆಲ್ಸ್ ವಿರುದ್ಧದ ಮೂರೂ ಪಂದ್ಯಗಳನ್ನು ಗೆದ್ದೆವು. ದಾಖಲೆಯ ಸೋಲು ಶುಕ್ರವಾರ ಡೆಟ್ರಾಯಿಟ್‌ನಲ್ಲಿ ಬಂತು.

ಮಗನ ಕೋಣೆಯಲ್ಲಿರುವುದು ಕ್ರೊಶೆಯ ಚಿತ್ರ. ಕೊಡುವುದು ಸರಿ ಎಂದು ಲೆಕ್ಕ ಹೇಳಬಹುದು, ನಾನು ವಾದಿಸಲಾರೆ. ಆದರೆ ಆ ಚಿತ್ರದ ಜಾಗದಲ್ಲಿ ಯಾರ ಚಿತ್ರ ಹಾಕಲಿ ಎಂದು ಕೇಳಿದರೆ ಅವನಿಗೆ ಒಂದು ಹೆಸರನ್ನು ಹೇಳಲು ನನಗೆ ಆಗುವುದಿಲ್ಲ. ತಂಡ ಕಟ್ಟುವವರು ಇದನ್ನೂ ಒಂದು ನಷ್ಟವೆಂದು ಬರೆದುಕೊಳ್ಳಬೇಕು.


ಮೂವತ್ತೈದನೇ ಬೀದಿ
2024 ಡಿಸೆಂಬರ್ 7, ರಾತ್ರಿ 9.58

ಶಾಂಬರ್ಗ್ ಅಮ್ಮ ಅವರೇ, ಇದನ್ನು ಬರೆದದ್ದಕ್ಕೆ ಕೃತಜ್ಞತೆಗಳು. ಮಗನಿಗೆ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಬಗ್ಗೆ ಹೇಳಿ. ಮೇಜರ್ ಲೀಗ್‌ಗಿಂತ ಎರಡು ಹಂತ ಕೆಳಗಿನ ನಮ್ಮ ಡಬಲ್-ಎ ತಂಡವಾದ ಅದು ಈ ವರ್ಷ ಸದರ್ನ್ ಲೀಗ್ ಗೆದ್ದಿದೆ. ಅಲ್ಲಿ ನೋವಾ ಶುಲ್ಟ್ಸ್ ಎಂಬ ಆರೂಮುಕ್ಕಾಲು ಅಡಿ ಎತ್ತರದ ಎಡಗೈ ಪಿಚರ್ ಇದ್ದಾರೆ. ಈ ವರ್ಷದ ಡ್ರಾಫ್ಟ್‌ನಲ್ಲಿ ಐದನೆಯವರಾಗಿ ಆಯ್ಕೆಯಾದ ಹೇಗನ್ ಸ್ಮಿತ್ ಕೂಡ ಎಡಗೈಯವರೇ.


ಎಡಗೈ
2024 ಡಿಸೆಂಬರ್ 9, ಬೆಳಿಗ್ಗೆ 7.12

ನಿನ್ನೆ ರಾತ್ರಿಯ ಸುದ್ದಿ ನೋಡಿದಿರಾ? ಹುವಾನ್ ಸೊಟೊ ಮೆಟ್ಸ್ ಸೇರಿದರು. 15 ವರ್ಷ, 765 ಮಿಲಿಯನ್ ಡಾಲರ್. ನಮ್ಮ ಇತಿಹಾಸದ ಅತಿ ದೊಡ್ಡ ಒಪ್ಪಂದದ ಹತ್ತು ಪಟ್ಟಿಗೂ ಹೆಚ್ಚು.


ಲೆಕ್ಕದ ಪುಸ್ತಕ
2024 ಡಿಸೆಂಬರ್ 10, ರಾತ್ರಿ 7.40

ಮುಂದಿನ ಡ್ರಾಫ್ಟ್‌ನಲ್ಲಿ ಯಾರು ಮೊದಲು ಆರಿಸಬೇಕೆಂದು ನಿರ್ಧರಿಸುವ ಲಾಟರಿ ಇವತ್ತು ಮುಗಿಯಿತು. 121 ಪಂದ್ಯ ಸೋತ ನಮಗೆ ಸಿಕ್ಕಿದ್ದು ಹತ್ತನೆಯ ಸ್ಥಾನ. ಮೊದಲ ಸ್ಥಾನ ವಾಷಿಂಗ್ಟನ್‌ಗೆ.


ತುಮಕೂರು ಹುಡುಗ
2024 ಡಿಸೆಂಬರ್ 10, ರಾತ್ರಿ 7.55

ಎಲ್ಲರಿಗಿಂತ ಹೆಚ್ಚು ಸೋತವರಿಗೆ ಹತ್ತನೆಯ ಸ್ಥಾನ ಹೇಗೆ ಬರುತ್ತದೆ?


ಲೆಕ್ಕದ ಪುಸ್ತಕ
2024 ಡಿಸೆಂಬರ್ 10, ರಾತ್ರಿ 8.20

ನಿಯಮ ಹಾಗಿದೆ. ಬೇಕೆಂದೇ ಸೋಲುವುದನ್ನು ತಡೆಯಲು ಲಾಟರಿಯನ್ನು ತಂದರು. ಆದಾಯ ಹಂಚಿಕೆಗೆ ಹಣ ಕೊಡುವ ದೊಡ್ಡ ಮಾರುಕಟ್ಟೆಯ ತಂಡಕ್ಕೆ ಸತತ ಎರಡು ವರ್ಷ ಲಾಟರಿಯ ಮೊದಲ ಆರು ಸ್ಥಾನಗಳಲ್ಲಿ ಜಾಗವಿಲ್ಲ, ಹತ್ತನೆಯದಕ್ಕಿಂತ ಮೇಲಿನ ಸ್ಥಾನವೂ ಸಿಗುವುದಿಲ್ಲ. ಕಳೆದ ವರ್ಷ ನಮಗೆ ಐದನೆಯ ಸ್ಥಾನ ಸಿಕ್ಕಿತ್ತು. ಆದ್ದರಿಂದ ಈ ಸಲ ಎಷ್ಟು ಸೋತರೂ ಹತ್ತೇ.

ನಾನು ಕ್ರೊಶೆಯನ್ನು ಕೊಡಬೇಕೆಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಸೋತರೆ ಡ್ರಾಫ್ಟ್ ನಮ್ಮನ್ನು ಎತ್ತುತ್ತದೆ ಎಂಬ ದಾರಿ ಮುಚ್ಚಿದೆ. ಹಣ ಕೊಟ್ಟು ತರುವ ದಾರಿಯನ್ನು ಮಾಲೀಕರು ಮುಚ್ಚಿದ್ದಾರೆ. ವಿನಿಮಯ ಒಂದೇ ಉಳಿದಿರುವುದು.


ಹಳೆಯ ಕೈಗವಸು
2024 ಡಿಸೆಂಬರ್ 10, ರಾತ್ರಿ 9.02

ನಿಯಮ ಒಳ್ಳೆಯದೇ. ಸೋಲಿಗೆ ಬಹುಮಾನ ಕೊಡಬಾರದು. ಬೇಕೆಂದು ಸೋಲುವ ತಂಡಕ್ಕೂ ಕೈಲಾಗದೆ ಸೋಲುವ ತಂಡಕ್ಕೂ ಒಂದೇ ಶಿಕ್ಷೆ ಎನ್ನುವುದಷ್ಟೇ ನನಗೆ ಒಪ್ಪಿಗೆಯಾಗದ ವಿಷಯ.


ಎಡಗೈ
2024 ಡಿಸೆಂಬರ್ 11, ಸಂಜೆ 5.10

ಮುಗಿಯಿತು. ಕ್ರೊಶೆ ಬಾಸ್ಟನ್‌ಗೆ ಹೋದರು. ನಮಗೆ ಬಂದವರು ಕ್ಯಾಚರ್ ಕೈಲ್ ಟೀಲ್, ಔಟ್‌ಫೀಲ್ಡರ್ ಬ್ರೇಡನ್ ಮಾಂಟ್ಗೊಮರಿ, ಇನ್‌ಫೀಲ್ಡರ್ ಚೇಸ್ ಮೀಡ್ರೋತ್ ಮತ್ತು ಪಿಚರ್ ವಿಕೆಲ್ಮನ್ ಗೊನ್ಸಾಲೆಸ್. ಮತ್ತೆ ಬಾಸ್ಟನ್, ಮತ್ತೆ ನಾಲ್ವರು.


ಕೆಂಪು ಮಾರ್ಗ
2024 ಡಿಸೆಂಬರ್ 11, ಸಂಜೆ 5.33

ಸೇಲ್ ಹೋಗಿ ಎಂಟು ವರ್ಷ, ಐದು ದಿನ. ಇವತ್ತು ಇಷ್ಟೇ ಬರೆಯಬಲ್ಲೆ.


ಬಾಸ್ಟನ್ ಕನ್ನಡಿಗ
2024 ಡಿಸೆಂಬರ್ 11, ಸಂಜೆ 6.15

ಎದುರು ಪಾಳಯದವನು ಬರೆಯುತ್ತಿದ್ದೇನೆ, ಕ್ಷಮಿಸಿ. ನಮಗೇನೂ ಇದು ಅಗ್ಗದ ವ್ಯಾಪಾರವಲ್ಲ. ಟೀಲ್ 2023ರ ಡ್ರಾಫ್ಟ್‌ನಲ್ಲಿ ಹದಿನಾಲ್ಕನೆಯವರು, ಮಾಂಟ್ಗೊಮರಿ ಈ ವರ್ಷ ಹನ್ನೆರಡನೆಯವರು. ಮಾಂಟ್ಗೊಮರಿ ಕಾಲೇಜಿನ ಕೊನೆಯ ಪಂದ್ಯಗಳಲ್ಲಿ ಕಾಲಿನ ಮೂಳೆ ಮುರಿದುಕೊಂಡಿದ್ದರಿಂದ ನಮ್ಮಲ್ಲಿ ಒಂದು ಪಂದ್ಯವನ್ನೂ ಆಡದೆ ನಿಮ್ಮಲ್ಲಿಗೆ ಬರುತ್ತಿದ್ದಾರೆ. ಎರಡೂ ಕೈಯಲ್ಲಿ ಹೊಡೆಯಬಲ್ಲವರು.

ನನಗೆ ಅತಿ ಹೆಚ್ಚು ಬೇಸರವಾಗಿದ್ದು ಮೀಡ್ರೋತ್ ಹೋದದ್ದು. ನಮ್ಮ ಟ್ರಿಪಲ್-ಎ (ಮೇಜರ್ ಲೀಗ್‌ಗೆ ಒಂದೇ ಹಂತ ಕೆಳಗಿನ) ತಂಡವಿರುವ ವೂಸ್ಟರ್‌ನಲ್ಲಿ ಅವರ ಆಟವನ್ನು ಆರೇಳು ಸಲ ನೋಡಿದ್ದೇನೆ. ಕುಳ್ಳಗಿನ ಆಳು, ದೂರ ಹೊಡೆಯುವ ಶಕ್ತಿ ಇಲ್ಲ. ಆದರೆ ಸ್ಟ್ರೈಕ್ ಅಲ್ಲದ ಚೆಂಡಿಗೆ ಬ್ಯಾಟು ಅಲ್ಲಾಡಿಸುವುದಿಲ್ಲ. ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟನ್ನು ಒಂದಿಷ್ಟು ಮೇಲಕ್ಕೆ ಹಿಡಿದು, ಒಳ್ಳೆಯ ಚೆಂಡುಗಳನ್ನೆಲ್ಲ ಫೌಲ್ ಮಾಡುತ್ತಾ, ಪಿಚರ್ ಬೇಸತ್ತು ನಾಲ್ಕನೆಯ ಬಾಲ್ ಎಸೆಯುವವರೆಗೆ ನಿಲ್ಲುತ್ತಾರೆ. ಈ ವರ್ಷ ಟ್ರಿಪಲ್-ಎಯಲ್ಲಿ 105 ವಾಕ್ (ನಾಲ್ಕು ಬಾಲ್‌ಗೆ ಸಿಗುವ ಉಚಿತ ಬೇಸ್) ಗಳಿಸಿದರು. ಬೇಸ್ ತಲುಪುವವರೇ ಇಲ್ಲದ ನಿಮ್ಮ ತಂಡಕ್ಕೆ ಇಂಥವರು ಬೇಕೇ ಬೇಕು.


ಲೆಕ್ಕದ ಪುಸ್ತಕ
2024 ಡಿಸೆಂಬರ್ 11, ಸಂಜೆ 6.48

ಕ್ಷಮೆ ಏಕೆ ಸರ್, ನೋಡಿದವರ ಮಾತಿಗೆ ಬೆಲೆ ಹೆಚ್ಚು. ನಾಲ್ವರಲ್ಲಿ ಮೂವರು ಬ್ಯಾಟರ್‌ಗಳು ಎಂಬುದು ನನಗೆ ಬಹಳ ಹಿಡಿಸಿದ ಅಂಶ. ಪಿಚರ್‌ನ ಮೊಣಕೈಯನ್ನು ನಂಬಿ ಭವಿಷ್ಯ ಕಟ್ಟುವುದು ಅಪಾಯ. ಮಾರ್ಚ್‌ನಲ್ಲಿ ಸೀಸ್ ಅವರನ್ನು ಕೊಟ್ಟು ತಂದ ಡ್ರೂ ಥಾರ್ಪ್ ಈಗಾಗಲೇ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ.


ಹಳೆಯ ಕೈಗವಸು
2024 ಡಿಸೆಂಬರ್ 11, ರಾತ್ರಿ 8.05

ಕ್ಯಾಚರ್‌ನನ್ನು ಏಕೆ ತಂದರು ಎಂಬುದು ನನಗೆ ಹೊಳೆಯುತ್ತಿಲ್ಲ. ಕಳೆದ ವರ್ಷ ಏಂಜೆಲ್ಸ್‌ನಿಂದ ತಂದ ಎಡ್ಗರ್ ಕೆರೋ ಇದ್ದಾರಲ್ಲ. ಇಬ್ಬರೂ ಕ್ಯಾಚರ್, ಇಬ್ಬರೂ ಮೇಜರ್ ಲೀಗ್‌ನ ಹೊಸ್ತಿಲಲ್ಲಿದ್ದಾರೆ. ಅತ್ತ ಬಲಗಡೆಯ ಔಟ್‌ಫೀಲ್ಡ್‌ನಲ್ಲಿ ನಿಲ್ಲಿಸಲು ಒಬ್ಬ ನಂಬಿಕಸ್ಥನಿಲ್ಲ.


ಶಾಂಬರ್ಗ್ ಅಮ್ಮ
2024 ಡಿಸೆಂಬರ್ 11, ರಾತ್ರಿ 8.40

ಇದಕ್ಕೆ ನಾನು ಉತ್ತರ ಕೊಡಬಲ್ಲೆ, ಏಕೆಂದರೆ ನನ್ನ ಮಗ ಶಾಲೆಯ ತಂಡದಲ್ಲಿ ಕ್ಯಾಚರ್. ಎರಡು ಗಂಟೆ ಕುಕ್ಕರುಗಾಲಿನಲ್ಲಿ ಕೂತು ಎದ್ದರೆ ಅವನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಎಡ ಅಂಗೈಯಲ್ಲಿ ತೋರುಬೆರಳಿನ ಬುಡ ಬೇಸಿಗೆಯಿಡೀ ನೀಲಿಗಟ್ಟಿರುತ್ತದೆ, ನಾನು ರಾತ್ರಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತೇನೆ. 162 ಪಂದ್ಯಗಳನ್ನು ಒಬ್ಬನೇ ಕ್ಯಾಚರ್ ಆಡಲಾರ. ಇಬ್ಬರು ಒಳ್ಳೆಯವರಿದ್ದರೆ ಒಬ್ಬರು ಕ್ಯಾಚ್ ಮಾಡುವ ದಿನ ಇನ್ನೊಬ್ಬರು ಡೆಸಿಗ್ನೇಟೆಡ್ ಹಿಟರ್ ಆಗಿ, ಅಂದರೆ ಫೀಲ್ಡಿಂಗ್ ಇಲ್ಲದೆ, ಬ್ಯಾಟ್ ಮಾತ್ರ ಮಾಡಬಹುದು. ಎಳೆಯ ಪಿಚರ್‌ಗಳನ್ನು ನಡೆಸಿಕೊಂಡು ಹೋಗುವವನೂ ಕ್ಯಾಚರ್‌ನೇ.

ಚಿತ್ರದ ವಿಷಯ ಕೇಳುತ್ತೀರೇನೋ. ಇವತ್ತು ಅವನು ಅದನ್ನು ತೆಗೆಯಲಿಲ್ಲ. ಟೀಲ್ ಹೆಸರನ್ನು ಮಾತ್ರ ಎರಡು ಸಲ ಕೇಳಿ ತಿಳಿದುಕೊಂಡ.


ಹಳೆಯ ಕೈಗವಸು
2024 ಡಿಸೆಂಬರ್ 11, ರಾತ್ರಿ 8.52

ಒಪ್ಪಿದೆ ತಾಯಿ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.


ಮೂವತ್ತೈದನೇ ಬೀದಿ
2024 ಡಿಸೆಂಬರ್ 11, ರಾತ್ರಿ 10.10

ಈ ಗದ್ದಲದಲ್ಲಿ ಇವತ್ತಿನ ಇನ್ನೊಂದು ಸುದ್ದಿಯನ್ನು ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ರೂಲ್ 5 ಡ್ರಾಫ್ಟ್ ಇತ್ತು. ಬೇರೆ ತಂಡಗಳು ತಮ್ಮ 40 ಜನರ ಪಟ್ಟಿಯಲ್ಲಿ ಸೇರಿಸದೆ ಬಿಟ್ಟ ಮೈನರ್ ಲೀಗ್ ಆಟಗಾರರನ್ನು ಒಂದು ಲಕ್ಷ ಡಾಲರ್ ಕೊಟ್ಟು ತೆಗೆದುಕೊಳ್ಳಬಹುದು, ಆದರೆ ವರ್ಷವಿಡೀ 26 ಜನರ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ಹಿಂದಿರುಗಿಸಬೇಕು. ಅಲ್ಲಿ ಮೊದಲ ಆಯ್ಕೆ ನಮ್ಮದೇ. ಮಿಲ್‌ವಾಕಿಯಿಂದ ಶೇನ್ ಸ್ಮಿತ್ ಎಂಬ ಬಲಗೈ ಪಿಚರ್‌ನನ್ನು ತೆಗೆದುಕೊಂಡಿದ್ದಾರೆ. ಗೆಲ್ಲುವ ತಂಡಕ್ಕೆ ಅನುಭವವಿಲ್ಲದವನಿಗಾಗಿ ಒಂದು ಜಾಗ ವರ್ಷಪೂರ್ತಿ ಕಟ್ಟಿಡುವುದು ಕಷ್ಟ, ನಮಗೆ ಆ ಕಷ್ಟವಿಲ್ಲ.


ಕೆಂಪು ಮಾರ್ಗ
2024 ಡಿಸೆಂಬರ್ 12, ಬೆಳಿಗ್ಗೆ 6.40

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆದ್ದರಿಂದ ಸಮಾಧಾನವಾಗಿ ಬರೆಯುತ್ತಿದ್ದೇನೆ. ಬಂದ ನಾಲ್ವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಕ್ರಿಸ್ ಗೆಟ್ಸ್ ಜನರಲ್ ಮ್ಯಾನೇಜರ್ ಆಗುವ ಮೊದಲು ಏಳು ವರ್ಷ ಇದೇ ತಂಡದಲ್ಲಿ ಆಟಗಾರರನ್ನು ಬೆಳೆಸುವ ವಿಭಾಗದ ಹೊಣೆ ಹೊತ್ತಿದ್ದರು. ಮೊಂಕಾಡಾ, ಹಿಮೆನೆಸ್, ಕೋಪೆಕ್ ಪೀಳಿಗೆ ಹಾದುಹೋದದ್ದು ಅದೇ ವಿಭಾಗದ ಮೂಲಕ. ಹೊಸ ಮ್ಯಾನೇಜರ್ ವಿಲ್ ವೆನಬಲ್ ಹೊರಗಿನಿಂದ ಬಂದಿದ್ದಾರೆ, ಅದು ಒಳ್ಳೆಯದು. ಆದರೆ ಬೀಜ ಎಷ್ಟೇ ಒಳ್ಳೆಯದಿದ್ದರೂ ಹೊಲ ಅದೇ ಆಗಿದ್ದರೆ ಬೆಳೆ ಬೇರೆಯಾಗುವುದೇ ಎಂಬ ಸಂದೇಹ ನನ್ನನ್ನು ಬಿಡುತ್ತಿಲ್ಲ.


ಎಡಗೈ
2024 ಡಿಸೆಂಬರ್ 12, ಬೆಳಿಗ್ಗೆ 7.05

ಆ ಹೊಣೆ ಗೆಟ್ಸ್ ಒಬ್ಬರದೇ ಆಗಿರಲಿಲ್ಲ. ಮೇಲಿದ್ದ ಉಪಾಧ್ಯಕ್ಷ ವಿಲಿಯಮ್ಸ್ ಮತ್ತು ಆಗಿನ ಜನರಲ್ ಮ್ಯಾನೇಜರ್ ಹಾನ್ ಇಬ್ಬರನ್ನೂ 2023ರ ಆಗಸ್ಟ್‌ನಲ್ಲಿ ತೆಗೆದಿದ್ದಾರೆ.


ಕೆಂಪು ಮಾರ್ಗ
2024 ಡಿಸೆಂಬರ್ 12, ಬೆಳಿಗ್ಗೆ 7.09

ತೆಗೆದ ಮೇಲೆ ಹೊರಗೆ ಹುಡುಕದೆ ಒಳಗಿನವರನ್ನೇ ಕೂರಿಸಿದರು ಎಂಬುದನ್ನೂ ಸೇರಿಸಿ ಸರ್.


ತುಮಕೂರು ಹುಡುಗ
2025 ಅಕ್ಟೋಬರ್ 3, ರಾತ್ರಿ 9.20

ಹಳೆಯ ಚರ್ಚೆಯನ್ನು ಮತ್ತೆ ತೆರೆಯುತ್ತಿದ್ದೇನೆ, ಹಿರಿಯರು ಕ್ಷಮಿಸಬೇಕು. ಋತು ಮುಗಿದಿದೆ, ಎಲ್ಲರೂ ಏನೆನ್ನುತ್ತೀರಿ ಎಂದು ತಿಳಿಯುವ ಕುತೂಹಲ.


ಲೆಕ್ಕದ ಪುಸ್ತಕ
2025 ಅಕ್ಟೋಬರ್ 3, ರಾತ್ರಿ 10.02

ಒಳ್ಳೆಯದು ಮಾಡಿದಿರಿ. 60 ಗೆಲುವು, 102 ಸೋಲು. ಸತತ ಮೂರನೆಯ ವರ್ಷ ನೂರಕ್ಕೂ ಹೆಚ್ಚು ಸೋಲು, ಆದರೂ ಕಳೆದ ವರ್ಷಕ್ಕಿಂತ 19 ಗೆಲುವು ಹೆಚ್ಚು. ಟೀಲ್ ಜೂನ್‌ನಲ್ಲಿ ಬಂದು .273 ಸರಾಸರಿಯಲ್ಲಿ ಆಡಿದರು. ಮೀಡ್ರೋತ್ ಇನ್‌ಫೀಲ್ಡ್‌ನಲ್ಲಿ ಕಾಯಂ ಆದರು. ನಮ್ಮದೇ ಡ್ರಾಫ್ಟ್‌ನ ಹುಡುಗ ಕೋಲ್ಸನ್ ಮಾಂಟ್ಗೊಮರಿ ಜುಲೈನಲ್ಲಿ ಬಂದು 71 ಪಂದ್ಯಗಳಲ್ಲಿ 21 ಹೋಮ್‌ರನ್ ಹೊಡೆದರು. ಒಂದು ಲಕ್ಷ ಡಾಲರ್‌ಗೆ ಬಂದ ಶೇನ್ ಸ್ಮಿತ್ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ನಾನು ಕೊಡಬೇಕು ಎಂದಿದ್ದೆ, ಈಗಲೂ ಅದೇ ಹೇಳುತ್ತೇನೆ.


ಕೆಂಪು ಮಾರ್ಗ
2025 ಅಕ್ಟೋಬರ್ 3, ರಾತ್ರಿ 10.30

ನಾಣ್ಯದ ಇನ್ನೊಂದು ಮುಖವನ್ನೂ ಬರೆಯಬೇಕು. ಕ್ರೊಶೆ ಬಾಸ್ಟನ್‌ನಲ್ಲಿ 18 ಗೆಲುವು, 5 ಸೋಲು, 255 ಸ್ಟ್ರೈಕ್‌ಔಟ್. 200ಕ್ಕೂ ಹೆಚ್ಚು ಇನಿಂಗ್ಸ್ ಎಸೆದರೂ ಮೊಣಕೈಗೆ ಏನೂ ಆಗಲಿಲ್ಲ. ಬಾಸ್ಟನ್ ಅವರಿಗೆ ಆರು ವರ್ಷಕ್ಕೆ 170 ಮಿಲಿಯನ್ ಡಾಲರ್‌ನ ಹೊಸ ಒಪ್ಪಂದ ಕೊಟ್ಟಿತು. ಮೊನ್ನೆ ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಯಾಂಕೀಸ್ ಅಂಗಳದಲ್ಲೇ ಎಂಟನೇ ಇನಿಂಗ್ಸ್‌ವರೆಗೆ ಎಸೆದು 11 ಜನರನ್ನು ಸ್ಟ್ರೈಕ್‌ಔಟ್ ಮಾಡಿ ಗೆಲ್ಲಿಸಿದರು. ಎರಡೇ ವರ್ಷ ಉಳಿಯುತ್ತಾರೆ ಎಂಬುದನ್ನು ಆಧಾರವಾಗಿಟ್ಟು ನೀವೆಲ್ಲ ವಾದಿಸಿದಿರಿ. 170 ಮಿಲಿಯನ್ ಕೊಡುವ ಮನಸ್ಸಿದ್ದ ಊರಿನಲ್ಲಿ ಅದು ಏಳು ವರ್ಷವಾಯಿತು, ಇಲ್ಲಿ ಆಗಲಿಲ್ಲ.

ಆದರೆ ಒಂದನ್ನು ಒಪ್ಪುತ್ತೇನೆ. ಕೋಲ್ಸನ್ ಮಾಂಟ್ಗೊಮರಿ ಏಪ್ರಿಲ್‌ನಲ್ಲಿ ಟ್ರಿಪಲ್-ಎಯಲ್ಲಿ ತೀರಾ ತಡವರಿಸುತ್ತಿದ್ದಾಗ ಅವರನ್ನು ಅರಿಜೋನಾದ ತರಬೇತಿ ಕೇಂದ್ರಕ್ಕೆ ಕರೆಸಿ ಬ್ಯಾಟಿಂಗ್ ತಿದ್ದಿ ಕಳುಹಿಸಿದರು. ಮೊದಲಿನ ವ್ಯವಸ್ಥೆಯಲ್ಲಿ ಹಾಗೆ ಆಗುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಹೊಲ ಸ್ವಲ್ಪ ಬದಲಾಗಿರಬಹುದು.


ಹಳೆಯ ಕೈಗವಸು
2025 ಅಕ್ಟೋಬರ್ 4, ಬೆಳಿಗ್ಗೆ 8.15

ರಾಬರ್ಟ್ ಇನ್ನೂ ಇಲ್ಲೇ ಇದ್ದಾರೆ. ಜುಲೈನಲ್ಲೂ ಕೊಡಲಿಲ್ಲ. 110 ಪಂದ್ಯ, 14 ಹೋಮ್‌ರನ್, 33 ಬೇಸ್ ಕದ್ದರು. ವಿಶ್ವ ಸರಣಿ ಮುಗಿದ ಮೇಲೆ 20 ಮಿಲಿಯನ್‌ನ ಆಯ್ಕೆಯನ್ನು ಬಳಸಬೇಕೇ, 2 ಮಿಲಿಯನ್ ಕೊಟ್ಟು ಕಳುಹಿಸಬೇಕೇ ಎಂಬುದನ್ನು ತೀರ್ಮಾನಿಸಬೇಕು. ನನ್ನನ್ನು ಕೇಳಿದರೆ ಬಳಸಲಿ. ಸಂಬಳದ ಪಟ್ಟಿಯೇ ಖಾಲಿಯಿರುವ ತಂಡ ಸೆಂಟರ್‌ಫೀಲ್ಡರ್‌ನನ್ನು ಹಣ ಉಳಿಸಲು ಕಳುಹಿಸಿದರೆ ಅಭಿಮಾನಿಗಳಿಗೆ ಏನು ಹೇಳುತ್ತದೆ?


ಲೆಕ್ಕದ ಪುಸ್ತಕ
2025 ಅಕ್ಟೋಬರ್ 4, ಬೆಳಿಗ್ಗೆ 9.00

ಈ ಒಂದು ವಿಷಯದಲ್ಲಿ ನಾನೂ ನಿಮ್ಮ ಕಡೆ ಸರ್. ಇನ್ನೊಂದು ಮಾತು, ಈ ಸಲ ಲಾಟರಿಗೆ ನಾವು ಅರ್ಹರು.


ಶಾಂಬರ್ಗ್ ಅಮ್ಮ
2025 ಅಕ್ಟೋಬರ್ 4, ಸಂಜೆ 6.25

ಮಗನ ಕೋಣೆಯ ವಿಷಯ ಕೇಳಿ ಇಬ್ಬರು ಖಾಸಗಿಯಾಗಿ ಬರೆದಿದ್ದಾರೆ, ಆದ್ದರಿಂದ ಇಲ್ಲೇ ಹೇಳುತ್ತೇನೆ. ಕ್ರೊಶೆ ಈಗಲೂ ಗೋಡೆಯ ಮೇಲಿದ್ದಾರೆ, ಕಪ್ಪು ಅಂಗಿಯಲ್ಲೇ. ಪಕ್ಕದಲ್ಲಿ ಟೀಲ್ ಬಂದಿದ್ದಾರೆ. ಟೀಲ್ ಅವರಂತೆ ತಾನೂ ಎಡಗೈಯಲ್ಲಿ ಬ್ಯಾಟ್ ಹಿಡಿಯುತ್ತೇನೆಂದು ಹಿತ್ತಲಲ್ಲಿ ಅಭ್ಯಾಸ ಮಾಡುತ್ತಿದ್ದಾನೆ, ಗರಾಜಿನ ಬಾಗಿಲಿಗೆ ಈಗಾಗಲೇ ಮೂರು ಕಡೆ ತಗ್ಗು ಬಿದ್ದಿದೆ.